ಟಾರು ಬಿಟ್ಟು ಓಣಿಗಿಳಿಯುವ ಸದ್ದು

ಬೇಗೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತರೆ ಮೊದಲು ಕೇಳುವುದು ಹೈವೇ. ಮೈಸೂರಿನಿಂದ ಕೇರಳದ ಕಡೆ ಹೋಗುವ ಲಾರಿಗಳ ಒಂದೇ ಸಮನೆಯ ಗುಂಯ್‌ಗುಡುವಿಕೆ. ಎರಡು ದಿನ ಇದ್ದರೆ ಅದು ಕಿವಿಗೆ ಬೀಳುವುದೇ ನಿಂತುಹೋಗುತ್ತದೆ. ಆದರೆ ಆ ಗದ್ದಲದ ನಡುವೆ ಒಂದು ಟ್ರ್ಯಾಕ್ಟರೋ ಮೊಪೆಡ್ಡೋ ಟಾರು ಬಿಟ್ಟು ಹೊಲದ ಓಣಿಗೆ ಇಳಿದರೆ ಸದ್ದು ಬೇರೆಯಾಗುತ್ತಿತ್ತು. ಅಲ್ಲಿಯತನಕ ಕೂಗಿಕೊಂಡು ಬಂದ ಇಂಜಿನ್ನು ಮಣ್ಣಿಗಿಳಿದ ಕೂಡಲೆ ದನಿ ತಗ್ಗಿಸಿ ಗುಡುಗುಡು ಎನ್ನುತ್ತಿತ್ತು, ಬೀದಿಯಲ್ಲಿ ಜಗಳವಾಡಿ ಮನೆಯೊಳಗೆ ಬಂದವರ ಹಾಗೆ. ಆಗ ಜಗಲಿಯ ಆ ತುದಿಯಲ್ಲಿ ಕೂತಿದ್ದ ನನ್ನ ಮೈದುನ ಕೈಯಲ್ಲಿದ್ದ ಕೋಲನ್ನು ಕಲ್ಲಿಗೆ ಟಕ್ ಎಂದು ಕುಟ್ಟುತ್ತಿದ್ದ. ಇನ್ನೊಬ್ಬರು ಹೊಲಕ್ಕೆ ಹೋದರು ಎಂದು ಅರ್ಥ.

ಅವನು ಹೊಲ ನೋಡಿ ಒಂದು ಮಳೆಗಾಲ ಪೂರ್ತಿ ಕಳೆದಿತ್ತು. ಬದುವಿನ ಮೇಲೆ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದು, ಮೈಸೂರಿನಲ್ಲಿ ರಾಡ್ ಹಾಕಿಸಿಕೊಂಡು ಬಂದಿದ್ದ. ಮನೆಯೊಳಗೆ ಕೋಲು ಹಿಡಿದು ನಡೆಯುತ್ತಿದ್ದ, ಬೀದಿಯ ಕೊನೆಯತನಕ ಹೋಗುತ್ತಿದ್ದ, ಅಷ್ಟೇ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಹಿತ್ತಲಿನ ಗೇಟಿಗೆ ‘ಔಟ್ ಆಫ್ ಬೌಂಡ್ಸ್’ ಎಂದು, ಅಂದರೆ ಯಾರೂ ಕಾಲಿಡಬಾರದೆಂದು, ಬೋರ್ಡು ಹಾಕಿದ್ದರು. ಒಳಗೆ ಏನು ಮಹಾ ಇತ್ತು, ನಾಲ್ಕು ಪೇರಲೆ ಮರ. ಆದರೂ ನಮಗೆಲ್ಲ ಆ ಗೇಟಿನ ಮೇಲೇ ಕಣ್ಣು. ಮೈದುನನ ಮುಖ ನೋಡಿದಾಗಲೆಲ್ಲ ನನಗೆ ಆ ಗೇಟು ನೆನಪಾಗುತ್ತಿತ್ತು.

ಹೊಲಕ್ಕೆ ಆಟೋ ಬರುವುದಿಲ್ಲ. ಓಣಿಯ ನಡುವೆ ಮಳೆನೀರು ಕೊರೆದ ಒಂದು ಹಳ್ಳ ಇದೆ, ಅದನ್ನು ಕಂಡರೆ ಆಟೋದವರು ವಾಪಸ್ ತಿರುಗಿಸುತ್ತಾರೆ. ಟ್ರ್ಯಾಕ್ಟರಿನ ಕುಲುಕಾಟ ಡಾಕ್ಟರು ಬೇಡವೆಂದಿದ್ದರು. ಎತ್ತಿನ ಗಾಡಿ ಮಾರಿ ಯಾವ ಕಾಲವಾಯಿತೋ. ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ದಿನವೂ ಆಳುಗಳ ಜೊತೆ ಚೆಂಡುಹೂವಿನ ಹೊಲಕ್ಕೆ ನಡೆದುಹೋಗಿ ಬಂದು ವರದಿ ಕೊಡುತ್ತಿದ್ದಳು. “ಚೆಂಡುವ್ವ ಚೆನ್ನಾಗ್ ಬಂದದೆ” ಎಂದರೆ ಅವನಿಗೆ ಸಾಲದು. “ಚೆನ್ನಾಗಿ ಅಂದ್ರೆ? ಮೂಡ್ಲು ಸಾಲ್ನಾಗೂ ಚೆನ್ನಾಗದಾ?” ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ನೀನೇ ಓಗಿ ನೋಡ್ಕಂಡ್ ಬಾ” ಎಂದುಬಿಡುತ್ತಿದ್ದಳು.

ಅವರ ಒಬ್ಬಳೇ ಮಗಳು ಗುಂಡ್ಲುಪೇಟೆಯ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಾಳೆ. ದಿನಾ ಹೈವೇ ಬಸ್ಸಿಗೆ ನೇತಾಡಿ ಸಾಕಾಗಿ, ಗಾಡಿ ತೆಗೆದುಕೊಳ್ಳುತ್ತೇನೆಂದು ಹೊರಟಳು. ನಾನು ಚಾಮರಾಜನಗರದಲ್ಲಿ ಟೀಚರ್ ಆಗಿದ್ದು ರಿಟೈರ್ ಆದವಳು, ಅಲ್ಲೇ ಮನೆ. ಆ ಸಲ ಬೇಗೂರಿಗೆ ಕೆಲವು ವಾರ ಇರಲು ಬಂದಿದ್ದೆ. ಹುಡುಗಿ ಬ್ರೋಶರ್‌ಗಳನ್ನೆಲ್ಲ ತಂದು ನನ್ನ ಮಡಿಲಿಗೆ ಸುರಿದಳು.

“ದೊಡ್ಡವ್ವ, ಒಂದೇ ಕಂಡೀಶನ್ನು. ಹೈವೇನಲ್ಲಿ ಲಾರಿ ಪಕ್ಕ ಹೋದ್ರೆ ಅಲ್ಲಾಡ್ಬಾರ್ದು. ಮತ್ತೆ ಓಣಿನಲ್ಲಿ ಅಪ್ಪನ್ನ ಕೂರಿಸ್ಕಂಡು ಹೊಲ ಮುಟ್ಬೇಕು. ಅದಾಗದ ಗಾಡಿ ನಂಗೆ ಬ್ಯಾಡ.”

“ಅದು ಎರಡು ಕಂಡೀಶನ್ ಕಣೇ” ಎಂದೆ.

ಹೂವು ಕೀಳುವ ಕೆಲಸ ಆಗಲೇ ಶುರುವಾಗಿತ್ತು. ಕೊಯ್ಲು ಮುಗಿಯುವುದರೊಳಗೆ ಅಪ್ಪ ಹೊಲದಲ್ಲಿ ನಿಂತಿರಬೇಕು ಎನ್ನುವುದು ಅವಳ ಹಟ. ಅಪ್ಪನಿಗೂ ಅದೇ ಆಸೆ. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕೋಲು ಕುಟ್ಟುತ್ತಿದ್ದ.

ಸಂಜೆ ಜಗಲಿಯಲ್ಲಿ ಸಭೆ. ನಾನು ಕನ್ನಡಕ ಹಾಕಿಕೊಂಡು ‘ಗ್ರೌಂಡ್ ಕ್ಲಿಯರೆನ್ಸ್’, ‘ಸೀಟ್ ಹೈಟ್’ ಎಂದು ಕ್ಲಾಸಿನಲ್ಲಿ ಓದಿದ ಹಾಗೆ ಓದುವುದು, ಅವನು ಹಳೇ ಕಾಲದಲ್ಲಿ ತೆರಕಣಾಂಬಿ ಸಂತೆಯಲ್ಲಿ ಎತ್ತು ನೋಡಿದ ಹಾಗೆ ಚಿತ್ರ ನೋಡುವುದು. “ಇದು ಮುಂಗಾಲು ಸಣ್ಣ”, “ಇದ್ರ ಬೆನ್ನು ಕುಳ್ಳು”. ಒಂದು ದಿನ ಹುಡುಗಿ ಫೋನಿನಲ್ಲಿ ವಿಡಿಯೋ ಹುಡುಕುವಾಗ, ಯಾವುದೋ ಚಳಿ ದೇಶದಲ್ಲಿ ಹಿಮದ ಮೇಲೆ ಓಡುವ ಗಾಡಿ ಬಂತು. ಮುಂದೆ ಚಕ್ರದ ಬದಲು ಎರಡು ಉದ್ದನೆಯ ಹಲಗೆ, ಹಿಂದೆ ಅಗಲವಾದ ಬೆಲ್ಟು. ಮಾಡಿಟ್ಟ ದಾರಿಯಲ್ಲೂ ಓಡುತ್ತದೆ, ದಾರಿಯೇ ಇಲ್ಲದ ಕಡೆ ಮೊಣಕಾಲುದ್ದ ಹಿಮವನ್ನೂ ಸೀಳಿಕೊಂಡು ಹೋಗುತ್ತದೆ. ಅವನು ಫೋನು ಕಸಿದುಕೊಂಡು ಮೂರು ಸಲ ನೋಡಿದ.

“ಮುಂದ್ಗಡೆ ಕುಂಟೆ ಕಟ್ಬುಟ್ಟವ್ರೆ ನೋಡಿ ಅತ್ಗಮ್ಮ. ನಮ್ಮ ಎರೆಮಣ್ಗೆ ಇದೇ ಸರಿ. ಚಕ್ರನೇ ಇಲ್ಲ, ಇನ್ನು ಮಣ್ಣು ಎಲ್ಲಿ ಮೆತ್ಕತದೆ?”

“ಅಪ್ಪ, ಅದು ಬೇಗೂರಲ್ಲಿ ಸಿಗಲ್ಲ.”

“ಚಾಮ್ರಾಜ್‌ನಗರ್ದಲ್ಲಿ ಕೇಳಮ್ಮಿ. ನಿಮ್ಮ ದೊಡ್ಡವ್ವಂಗೆ ಅಲ್ಲಿ ಎಲ್ರೂ ಗೊತ್ತು.”

ಅವನು ನಗುವುದನ್ನು ನೋಡಿ ಬಹಳ ದಿನವಾಗಿತ್ತು. ಒಳಗಿಂದ ಓರಗಿತ್ತಿಯೂ ಬಂದು ಇಣುಕಿದಳು.

ಹುಡುಕಾಟ ಶುರುವಾಯಿತು. ಪಕ್ಕದ ಮನೆಯವರ ಸ್ಕೂಟರನ್ನು ಕೇಳಿ ಓಣಿಯಲ್ಲಿ ಓಡಿಸಿ ನೋಡಿದಳು. ಹಳ್ಳ ದಾಟುವಾಗ ಅದರ ಹೊಟ್ಟೆ ನೆಲಕ್ಕೆ ಬಡಿದು ಕೂತುಬಿಟ್ಟಿತು, ಇಬ್ಬರು ಎತ್ತಿ ಈಚೆ ಹಾಕಿದರಂತೆ. ಮೊಪೆಡ್ಡಿನ ಸೀಟು ತಗ್ಗು, ಹತ್ತಿ ಕೂರುವುದು ಅವನಿಗೆ ಸಲೀಸು ಎಂದುಕೊಂಡೆವು, ಆದರೆ ಹೈವೇಯಲ್ಲಿ ಈರುಳ್ಳಿ ಲಾರಿ ಪಕ್ಕದಲ್ಲಿ ಹಾದುಹೋದರೆ ಅದರ ಗಾಳಿಗೇ ರಸ್ತೆ ಬದಿಗೆ ಸರಿಯುತ್ತದೆ. ಚಾಮರಾಜನಗರದ ಶೋರೂಮಿನಲ್ಲಿ ಬೆಟ್ಟ ಹತ್ತುವ ಬೈಕು ಎಂದು ಒಂದನ್ನು ತೋರಿಸಿದರು. ಎತ್ತರವಾದ ಚಕ್ರ, ಹದ್ದಿನ ಮೂಗಿನಂಥ ಮಡ್‌ಗಾರ್ಡು. ನನಗೇ ಆಸೆಯಾಯಿತು. ಅವನು ಅದರ ಸೀಟನ್ನು ಮುಟ್ಟಿದ, ಅದು ಅವನ ಸೊಂಟಕ್ಕಿಂತ ಮೇಲಿತ್ತು.

“ಎಂಥ ಬೆಟ್ಟನಾದ್ರೂ ಹತ್ತುತ್ತೆ ಸಾರ್” ಎಂದ ಸೇಲ್ಸ್‌ನವನು.

“ಅದು ಬೆಟ್ಟ ಅತ್ತಲಿ ಕಣಪ್ಪ. ನಾನು ಅದ್ರ ಮ್ಯಾಲೆ ಅತ್ತದೆಂಗೆ, ಅದ್ನ ಯೋಳು.”

ಕೊನೆಗೆ ಗುಂಡ್ಲುಪೇಟೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾದ ಒಂದು ಸಿಕ್ಕಿತು. ಅಷ್ಟೇನೂ ಎತ್ತರವಲ್ಲ, ಕುಳ್ಳೂ ಅಲ್ಲ. ಇಂಜಿನ್ನು ನೆಲದಿಂದ ಚೆನ್ನಾಗಿ ಮೇಲಿತ್ತು, ಮುಂದಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕೈ ತೂರುವಷ್ಟು ಜಾಗ, ಎರೆಮಣ್ಣು ಕಚ್ಚಿಕೊಳ್ಳುವುದಿಲ್ಲ. ಸೀಟು ಉದ್ದ, ಮೆತ್ತಗೆ. ಹುಡುಗಿ ಹೈವೇಯಲ್ಲಿ ಒಂದು ಸುತ್ತು ಹೋಗಿ ಬಂದು, “ಕಲ್ಲಿದ್ದಂಗದೆ ದೊಡ್ಡವ್ವ, ಒಂಚೂರೂ ಅಲ್ಲಾಡಲ್ಲ” ಎಂದಳು. ನಾವೆಲ್ಲ ಆಗಲೇ ಗೆದ್ದ ಹಾಗೆ ಮುಖ ಮಾಡಿಕೊಂಡೆವು. ಅವನು ಕೋಲನ್ನು ನನ್ನ ಕೈಗೆ ಕೊಟ್ಟು, ಬೈಕಿನ ಮೇಲೆ ಕಾಲು ಹಾಕಲು ಹೋದ. ಕಾಲು ಸೀಟಿನ ಅಂಚಿನವರೆಗೆ ಬಂತು. ಮೇಲಕ್ಕೆ ಬರಲಿಲ್ಲ. ಇನ್ನೊಮ್ಮೆ ನೋಡಿದ. ರಾಡ್ ಹಾಕಿದ ಸೊಂಟ ಅಷ್ಟು ಅಗಲ ತೆರೆಯುವುದಿಲ್ಲ ಎಂಬುದು ಅಷ್ಟು ದಿನ ಸೀಟಿನ ಎತ್ತರ ಲೆಕ್ಕ ಹಾಕಿದ ನಮಗೆ ಯಾರಿಗೂ ಹೊಳೆದಿರಲಿಲ್ಲ. ಎಷ್ಟು ಎತ್ತರವಾದರೇನು, ಗಂಡಸು ಅಂದಮೇಲೆ ಅತ್ತ ಒಂದು ಕಾಲು ಇತ್ತ ಒಂದು ಕಾಲು ಹಾಕಿಯೇ ಕೂರುವುದು ಎಂದುಕೊಂಡುಬಿಟ್ಟಿದ್ದೆವು.

ಸೇಲ್ಸ್‌ನವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. “ಯಜಮಾನ್ರು ಒಂದೇ ಕಡೆ ಕಾಲು ಬಿಟ್ಕಂಡು ಕೂತ್ಕಳ್ಳಿ. ಸ್ಯಾರಿ ಗಾರ್ಡ್ ಹಾಕಿಸ್ಕೊಡ್ತೀನಿ.”

ಸ್ಯಾರಿ ಗಾರ್ಡ್ ಎಂದರೆ ಸೀರೆಯ ಅಂಚು ಚಕ್ರಕ್ಕೆ ಸಿಕ್ಕದಿರಲಿ ಎಂದು ಎಡಗಡೆ ಹಾಕುವ ಕಬ್ಬಿಣದ ಜಾಲರಿ, ಕೆಳಗೆ ಪಾದ ಇಡಲು ಒಂದು ಪಟ್ಟಿ. ಮೈದುನನ ಮುಖ ಕಪ್ಪಿಟ್ಟಿತು. “ಸೀರೆ ನೀನೇ ತಂದ್ಕೊಟ್ಟೀಯಾ, ನಾನೇ ತರನಾ?” ಎಂದು ಕೇಳಿ, ನನ್ನ ಕೈಯಿಂದ ಕೋಲು ತೆಗೆದುಕೊಂಡು ಹೊರಗೆ ನಡೆದ. ಬಸ್ಸಿನಲ್ಲಿ ಹುಡುಗಿ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಬೇಗೂರಿನಲ್ಲಿ ಇಳಿಯುವಾಗ ಅವಳಿಗೆ ಹೇಳಿದ, “ನಿಂಗೆ ಬೇಕಾದ್ದು ತಕ ಕಣಮ್ಮಿ. ನನ್ನ ಇಸ್ಯ ಬುಟ್ಬುಡು.”

ಮಾರನೇ ದಿನ ಬೆಳಿಗ್ಗೆ ಅವನು ಜಗಲಿಗೆ ಬಂದು ಕೂತ. ಓಣಿಗೆ ಎರಡು ಗಾಡಿ ಇಳಿದವು, ಕೋಲು ಕುಟ್ಟಲಿಲ್ಲ. ಕಾಫಿ ಕೊಟ್ಟು ನಾನೂ ಕೂತೆ.

“ನಿಮ್ಮಣ್ಣನ ಹಿಂದೆ ನಾನು ಎಷ್ಟು ವರ್ಷ ಒಂದೇ ಕಡೆ ಕೂತು ಓಡಾಡಿದ್ದೀನಿ ಗೊತ್ತಾ?”

“ನೀವು ಎಂಗ್ಸು ಅತ್ಗಮ್ಮ.”

“ಐ ನೋ. ನಾನು ಹೇಳ್ತಿರೋದು ಅದಲ್ಲ. ನಿಮ್ಮಣ್ಣ ಪಾಪ, ಮುಂದೆ ರಸ್ತೆ ನೋಡ್ಕೊಂಡು ಹೋಗ್ತಿದ್ದ. ಕಾಲು ಆಚೆ ಈಚೆ ಹಾಕಿ ಹಿಂದೆ ಕೂತೋರಿಗೆ ಏನು ಕಾಣುತ್ತೆ, ಮುಂದಿನವರ ಬೆನ್ನು. ನಾನು ಎಡಕ್ಕೆ ತಿರುಗಿ ಕೂತಿರ್ತಿದ್ದೆ. ಈ ಸೀಮೆಯ ಎಡಗಡೆ ಇರೋದೆಲ್ಲ ನಾನು ನೋಡಿದ್ದೀನಿ. ಸೂರ್ಯಕಾಂತಿ, ಜೋಳ, ಗೋಪಾಲಸ್ವಾಮಿ ಬೆಟ್ಟದ ಮೋಡ. ಜಗಲಿ ಮೇಲೆ ಕಾಲು ಇಳಿಬಿಟ್ಟು ಕೂತ ಹಾಗೆ. ಜಗಲಿಯೇ ಓಡ್ತಾ ಇರುತ್ತೆ, ಅಷ್ಟೇ.”

ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. ನನ್ನ ಗಂಡನ ಜೊತೆ ಕಳೆದ ದಿನಗಳಲ್ಲಿ ನನಗೆ ಹೆಚ್ಚು ನೆನಪಿರುವುದು ಆ ಸೀಟಿನ ಮೇಲಿಂದ ಕಂಡದ್ದೇ.

ಅವನು ಕಾಫಿ ಲೋಟವನ್ನು ಬಹಳ ಹೊತ್ತು ಕೈಯಲ್ಲೇ ತಿರುಗಿಸಿದ. ಆಮೇಲೆ ಕೇಳಿದ, “ಓಣಿನಾಗೆ ಓಗುವಾಗ ನಮ್ಮ ಹೊಲ ಯಾವ ಕಡೀಕೆ ಬತ್ತದೆ?”

ಎಡಗಡೆಗೆ ಬರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ನಾನು ಉತ್ತರ ಕೊಟ್ಟೆ. “ಎಡಗಡೆ.”

“ಬೀಳಕಿಲ್ವಾ?”

“ಮೊದಲು ನಾನು ಹೋಗಿ ಬರ್ತೀನಿ. ನಾನು ಬೀಳದೆ ಬಂದ್ರೆ ನೀನು ಕೂತ್ಕೋ.”

ಹುಡುಗಿ ಶೋರೂಮಿಗೆ ಫೋನ್ ಮಾಡಿದಳು. ಭಾನುವಾರ ಸೇಲ್ಸ್‌ನವನು ಡೆಮೊ ಬೈಕಿಗೆ ಸ್ಯಾರಿ ಗಾರ್ಡ್ ಹಾಕಿಸಿಕೊಂಡು ಬೇಗೂರಿಗೇ ಬಂದ. ಆ ವಯಸ್ಸಿನಲ್ಲಿ ನಾನು ಸೆರಗು ಸಿಕ್ಕಿಸಿಕೊಂಡು, ಪಟ್ಟಿಯ ಮೇಲೆ ಪಾದವಿಟ್ಟು ಹುಡುಗಿಯ ಹಿಂದೆ ಹತ್ತಿ ಕೂತೆ. ಹೈವೇಯಲ್ಲಿ ಸ್ವಲ್ಪ ದೂರ, ಆಮೇಲೆ ಓಣಿ. ಹಳ್ಳದಲ್ಲಿ ಇಳಿದು ಏರುವಾಗ ನಾನು ಕಾನ್ವೆಂಟಿನಲ್ಲಿ ಕಲಿತ ಹೇಲ್ ಮೇರಿ ಪ್ರಾರ್ಥನೆ ಹೇಳಲು ಶುರುಮಾಡಿದ್ದು ನಿಜ, ಪೂರ್ತಿಯಾಗುವ ಮೊದಲೇ ಆ ಕಡೆ ತಲುಪಿದ್ದೆವು. ಎದುರಿಗೆ ಹೊಲ. ಕಣ್ಣು ಕುಕ್ಕುವ ಕಿತ್ತಳೆ ಬಣ್ಣ. ಮೂಡಣ ಸಾಲಿನಲ್ಲೂ ಚೆನ್ನಾಗಿತ್ತು, ಅವನಿಗೆ ಹೇಳಬೇಕೆಂದು ಬೇಕಂತಲೇ ನೋಡಿಕೊಂಡೆ. ಆಮೇಲೆ ಹೇಳಬಾರದು ಅನ್ನಿಸಿತು.

ವಾಪಸ್ ಬಂದಾಗ ಸೇಲ್ಸ್‌ನವನು ಮೊದಲು ನೋಡಿದ್ದು ತನ್ನ ಬೈಕಿಗೆ ಮೆತ್ತಿದ್ದ ಮಣ್ಣನ್ನು. ಮೈದುನ ನೋಡಿದ್ದು ನನ್ನನ್ನು.

“ಬಿದ್ರಾ?”

“ಇಲ್ಲ.”

“ಕುಯ್ತಾವ್ರಾ?”

“ನೀನೇ ಹೋಗಿ ನೋಡ್ಕೊಂಡು ಬಾ” ಎಂದೆ. ಬಾಗಿಲಲ್ಲಿ ನಿಂತಿದ್ದ ಓರಗಿತ್ತಿಗೆ ನಗು ತಡೆಯಲಾಗಲಿಲ್ಲ.

ಅದೇ ವಾರ ಗಾಡಿ ಮನೆಗೆ ಬಂತು. ಓರಗಿತ್ತಿ ಹೆಡ್‌ಲೈಟಿಗೆ ಅರಿಶಿನ ಕುಂಕುಮ ಇಟ್ಟು, ಒಂದು ಬೊಟ್ಟು ಸ್ಯಾರಿ ಗಾರ್ಡಿಗೂ ಇಟ್ಟಳು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಮಗಳು ಬೈಕನ್ನು ಜಗಲಿಗೆ ಅಂಟಿದ ಹಾಗೆ ತಂದು ನಿಲ್ಲಿಸಿದಳು. ಜಗಲಿಯ ಎತ್ತರವೂ ಸೀಟಿನ ಎತ್ತರವೂ ಹೆಚ್ಚುಕಡಿಮೆ ಒಂದೇ. ಅವನು ಕೂತಲ್ಲಿಂದ ಹಾಗೇ ಸ್ವಲ್ಪ ಸ್ವಲ್ಪ ಸರಿದು, ಏಳದೆಯೇ ಗಾಡಿಯ ಮೇಲಿದ್ದ. ಆದರೆ ಆ ಕಡೆಯಿಂದ ಸರಿದಿದ್ದರಿಂದ ಕಾಲು ಬಲಗಡೆ ಬಂದಿತ್ತು, ಸ್ಯಾರಿ ಗಾರ್ಡು ಎಡಗಡೆ.

“ಅಪ್ಪ, ಉಲ್ಟಾ ಕೂತಿದ್ದೀಯ.”

“ಮೊದ್ಲೇ ಯೋಳ್ಬಾರ್ದೇನಮ್ಮಿ.” ಮತ್ತೆ ಜಗಲಿಗೆ ಸರಿದ, ಅವಳು ಗಾಡಿ ತಿರುಗಿಸಿ ನಿಲ್ಲಿಸಿದಳು. ಎರಡನೇ ಸಲ ಸರಿಯಾಯಿತು. ಬೀದಿಯಲ್ಲಿ ಯಾರೋ ಕೂಗಿದರು, “ಏನಣ್ಣೋ, ತೌರ್ಮನೆಗೆ ಓಯ್ತಿದ್ದೀಯಾ?”

“ಊಂ ಕಣ್ಲಾ. ಬಾಗ್ನ ತಕಂಡ್ ಬಾ ನೀನು” ಎಂದ ಅವನು, ಟವೆಲನ್ನು ತಲೆಗೆ ಸುತ್ತಿಕೊಳ್ಳುತ್ತಾ.

ನಾನು ಜಗಲಿಯಲ್ಲೇ ಕೂತು ಕೇಳಿದೆ. ಹೈವೇಯ ಗದ್ದಲದಲ್ಲಿ ಆ ಹೊಸ ಇಂಜಿನ್ನಿನ ದನಿ ಸ್ವಲ್ಪ ಹೊತ್ತು ಕಳೆದುಹೋಗಿ, ಆಮೇಲೆ ತಗ್ಗಿ, ಗುಡುಗುಡು ಎಂದು ಓಣಿಗಿಳಿಯಿತು. ಕೋಲನ್ನು ಅವನು ಜಗಲಿಯ ಮೇಲೇ ಮರೆತು ಹೋಗಿದ್ದ. ಎತ್ತಿಕೊಂಡು ಕಲ್ಲಿಗೆ ಒಮ್ಮೆ ಕುಟ್ಟಿದೆ.

ಕೊಯ್ಲು ಮುಗಿಯುವವರೆಗೆ ಅವನು ಪ್ರತಿ ಭಾನುವಾರ ಹೋದ, ಆಮೇಲೆ ಹುರುಳಿ ಬಿತ್ತುವುದಕ್ಕೂ ಹೋದ. ಅವನು ತೀರಿಹೋಗಿ ಈಗ ಒಂದು ವರ್ಷವಾಗುತ್ತ ಬಂತು. ನಿದ್ದೆಯಲ್ಲೇ ಹೃದಯ ನಿಂತಿತಂತೆ. ನಾನು ಚಾಮರಾಜನಗರದಿಂದ ಬರುವುದರೊಳಗೆ ಎಲ್ಲ ಮುಗಿದಿತ್ತು, ಮುಖ ನೋಡಲಾಗಲಿಲ್ಲ. ನೋಡಲಾಗಲಿಲ್ಲವೆಂದು ನನಗೆ ದುಃಖವೇನೂ ಇಲ್ಲ. ಗಾಡಿ ಇದೆ, ಈಗ ಓರಗಿತ್ತಿ ಮಗಳ ಹಿಂದೆ ಕೂತು ಹೊಲಕ್ಕೆ ಹೋಗುತ್ತಾಳೆ, ನಡೆಯುವುದನ್ನು ಬಿಟ್ಟಿದ್ದಾಳೆ.

ನಾನು ಅವನನ್ನು ಕೊನೆಯ ಸಲ ಕಂಡದ್ದು ಆ ಸಲ ಚಾಮರಾಜನಗರಕ್ಕೆ ವಾಪಸ್ ಹೊರಟ ದಿನ. ಬೇಗೂರಿನಲ್ಲಿ ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಾ ರಸ್ತೆಯ ಎಡಬದಿಯಲ್ಲಿ ನಿಂತಿದ್ದೆ. ಬೀಳ್ಕೊಡುವುದೆಲ್ಲ ಮನೆಯಲ್ಲೇ ಆಗಿತ್ತು. ಲಾರಿಯೊಂದರ ಹಿಂದಿನಿಂದ ನಮ್ಮ ಬೈಕು ಬಂತು. ಮಗಳು ಹೆಲ್ಮೆಟ್ಟಿನೊಳಗೆ ರಸ್ತೆ ನೋಡುತ್ತಿದ್ದಳು, ನನ್ನನ್ನು ಕಾಣಲಿಲ್ಲ. ಅವನು ಎಡಕ್ಕೆ ತಿರುಗಿ, ಕಾಲು ಇಳಿಬಿಟ್ಟು, ಒಂದು ಕೈಯನ್ನು ಅವಳ ಹೆಗಲ ಮೇಲಿಟ್ಟು ಕೂತಿದ್ದ. ಕತ್ತು ಹೊರಳಿಸುವ ಅಗತ್ಯವೇ ಇರಲಿಲ್ಲ, ಇಬ್ಬರೂ ಎದುರುಬದುರಾದೆವು. ಮಡಿಲಲ್ಲಿದ್ದ ಕೋಲನ್ನು ಸ್ವಲ್ಪ ಮೇಲೆತ್ತಿ ತೋರಿಸಿದ. ಆಮೇಲೆ ಅವನ ಕಣ್ಣು ನನ್ನ ಪಕ್ಕದ ಪೆಟ್ಟಿಗೆ ಅಂಗಡಿಗೆ, ಅದರ ಪಕ್ಕದ ಈರುಳ್ಳಿ ಮೂಟೆಗಳಿಗೆ, ಆಮೇಲೆ ಯಾರದೋ ಜೋಳದ ಹೊಲಕ್ಕೆ ಹೋಯಿತು, ಒಂದನ್ನೂ ಬಿಡದೆ ನೋಡುತ್ತಾ ಹೋದ. ಮುಂದೆ ಗಾಡಿ ಟಾರು ಬಿಟ್ಟು ಎಡಕ್ಕೆ ಇಳಿಯಿತು, ಸದ್ದು ತಗ್ಗಿತು.