ನೋಗಾಯ್‌ಳ ಬೈಗುಳ

ನೋಗಾಯ್ ಎನ್ದಿಯಾಯ್ ಇಪ್ಪತ್ತೆರಡು ವರ್ಷದಿಂದ ಪಿಕಿನ್ ಪಟ್ಟಣದ ನಮ್ಮ ಓಣಿಯ ಮೂಲೆಯಲ್ಲಿ ಕೂತು ಅಲಸಂದೆ ವಡೆ ಕರಿಯುತ್ತಾಳೆ. ನೆನೆದ ಕಾಳಿನ ಸಿಪ್ಪೆ ತೆಗೆಯುವ ಕೆಲಸ ನನ್ನದು. ಅವಳಿಗೆ ಮಾತು ಕಡಿಮೆ. ಎಣ್ಣೆ ಸಿಡಿದು ಕೈ ಸುಟ್ಟರೂ ಬೈಯುವವಳಲ್ಲ. ಅಂಥವಳು ಒಂದು ಬೆಳಿಗ್ಗೆ ಓಣಿಯ ಯಜಮಾನನನ್ನೇ ಎಲ್ಲರೆದುರು ಬೈದಳು.

ಅವಳ ಮಗ ಬಿರಾನ್ ಸಿಸೆ ಮತ್ತು ಅವನ ಗೆಳೆಯ ಲಾತಿರ್ ಎನ್ದಿಯಾಯ್ ಜೋಡಿಯಾಗಿ ರ‍್ಯಾಪ್ ಹಾಡುತ್ತಾರೆ. ಮೊದಲ ಆಲ್ಬಮ್ ಬಂದಾಗ ಓಣಿಗೆ ಓಣಿಯೇ ಕುಣಿದಿತ್ತು. ಎರಡನೆಯದು ಈ ಮಳೆಗಾಲದಲ್ಲಿ ಬಂತು. ಆಗ ಮನೆಗಳೊಳಗೆ ನೀರು ನಿಂತು ಮೂರು ವಾರ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಮಲಗುತ್ತಿದ್ದೆವು. ನೀರೆತ್ತುವ ಪಂಪು ಇತ್ತು, ಅದರ ಕೋಣೆಯ ಕೀಲಿ ಯಜಮಾನ ಮಸಂಬಾ ದಿಯೋಪ್‌ನ ಜೇಬಿನಲ್ಲಿತ್ತು. ಕೇಳಿದರೆ ಡೀಸೆಲ್ ಇಲ್ಲ ಅನ್ನುತ್ತಿದ್ದ.

ಪ್ರತಿ ಶುಕ್ರವಾರ ಮಧ್ಯಾಹ್ನ ರೇಡಿಯೋದಲ್ಲಿ ಥಿಯಾಂ ಅನ್ನುವವನು ಹೊಸ ಹಾಡುಗಳನ್ನು ತೂಗಿ ಹೇಳುತ್ತಾನೆ. ಅವನ ಬಾಯಿಂದ ಹೊಗಳಿಕೆ ಬಂದರೆ ಅದೃಷ್ಟ. ಆ ಶುಕ್ರವಾರ ಎಣ್ಣೆ ಡಬ್ಬದ ಮೇಲೆ ರೇಡಿಯೋ ಇಟ್ಟು ಎಲ್ಲರೂ ಸುತ್ತ ನಿಂತೆವು.

“ಮೊದಲ ಆಲ್ಬಮ್‌ನಲ್ಲಿ ಈ ಹುಡುಗರು ಅತ್ತಿದ್ರು, ಇದರಲ್ಲಿ ಕಚ್ಚಿದಾರೆ,” ಅಂದ ಥಿಯಾಂ. “ತಾಳ ಹಳೇದೇ. ಮೂರು ಹಾಡು ಸಪ್ಪೆ. ಆದ್ರೆ ನಾಲ್ಕನೇದು ಕೇಳಿ: ‘ಹೊಟ್ಟೆಬಾಕ ದಿಯೋಪ್, ಅನ್ನ ಸಾಲದೆ ಪಂಪಿನ ಡೀಸೆಲ್ಲೂ ಕುಡಿದ. ಕೀಲಿ ಅವನ ಜೇಬಲ್ಲಿ ಒಣಗಿದೆ, ನಮ್ಮ ಹಾಸಿಗೆ ನೆನೆದಿದೆ.’ ಇದನ್ನ ಒಬ್ಬ ಎನ್ದಿಯಾಯ್ ಹೇಳಿದ್ರೆ ನಕ್ಕು ಸುಮ್ಮನಾಗ್ತಿದ್ವಿ. ಹೇಳಿರೋನು ಸಿಸೆ! ಅದು ಕಣ್ರೀ ಧೈರ್ಯ.”

ಎನ್ದಿಯಾಯ್ ಮನೆತನದವರು ದಿಯೋಪ್‌ಗಳನ್ನು ಏನು ಬೈದರೂ ನಡೆಯುತ್ತದೆ, ಅವರೂ ಇವರನ್ನು ಬೈಯಬಹುದು. ಮುತ್ತಜ್ಜಂದಿರ ಕಾಲದ ಕಟ್ಟಳೆ ಅದು. ಬೈಸಿಕೊಂಡವನು ನಗಬೇಕು, ಸಿಟ್ಟಾದರೆ ಅವನದೇ ಮಾನ ಹೋಗುತ್ತದೆ. ಬೇರೆ ಮನೆತನದವರು ಬೈದರೆ ಮಾತ್ರ ಅದು ಬೈಗುಳವೇ.

ನೋಗಾಯ್‌ಳ ಜಾಲರಿ ಸೌಟು ನಿಂತುಬಿಟ್ಟಿತು. “ಬಿರಾನ್, ಆ ಸಾಲು ಲಾತಿರ್‌ದಲ್ವೇನೋ?”

“ಬರೆದಿದ್ದು ಅವನೇ ಅಮ್ಮ. ರೆಕಾರ್ಡಿಂಗ್ ದಿನ ಅವನಿಗೆ ಗಂಟಲು ಕಟ್ಟಿತ್ತು, ನಾನು ಹೇಳ್ದೆ. ಯಾರು ಹೇಳಿದ್ರೇನು?”

“ಯಾರು ಹೇಳಿದ್ರೇನು ಅಂತೀಯಲ್ಲೋ, ಮೂರ್ಖ!”

ಅಲ್ಲಿಯವರೆಗೆ ಯಜಮಾನ ಆ ಹಾಡು ಕೇಳಿರಲೇ ಇಲ್ಲ. ಥಿಯಾಂನ ಹೊಗಳಿಕೆ ಅವನ ಕಿವಿಗೆ ನೆಟ್ಟಗೆ ಹೋಯಿತು. ಸಂಜೆಯೊಳಗೆ ಹೇಳಿ ಕಳಿಸಿದ: ಬಿರಾನ್ ರೇಡಿಯೋಗೆ ಹೋಗಿ ಆ ಮಾತು ಸುಳ್ಳು ಅನ್ನಬೇಕು. ಇಲ್ಲವಾದರೆ ಸೋಮವಾರ ಪೊಲೀಸರಿಗೆ ದೂರು.

“ಜೈಲಿಗೆ ಬೇಕಾದ್ರೆ ಹೋಗ್ತೀನಿ, ಸುಳ್ಳು ಅನ್ನಲ್ಲ,” ಅಂದ ಬಿರಾನ್.

ಎರಡು ದಿನ ವಡೆ ಬುಟ್ಟಿ ಖಾಲಿಯಾಗಲಿಲ್ಲ. ಹಾಡಿಗೆ ಕುಣಿದವರೇ ಯಜಮಾನನಿಗೆ ಹೆದರಿ ನಮ್ಮ ಮೂಲೆ ತಪ್ಪಿಸಿ ಬೇರೆ ದಾರಿ ಹಿಡಿದರು. ಎದುರುಮನೆಯವಳು ತಗ್ಗಿದ ದನಿಯಲ್ಲಿ, “ನಿನ್ನ ಮಗನ ಹಾಡು ಬಲು ಚೆನ್ನಾಗಿದೆ ಕಣೇ. ವಡೆ ನಾಳೆ ತಗೋತೀನಿ,” ಅಂದಳು. ನೋಗಾಯ್ ಭಾನುವಾರವೆಲ್ಲ ಖಾಲಿ ಬಾಣಲೆ ತಿಕ್ಕುತ್ತಾ ಕೂತಿದ್ದಳು.

ಸೋಮವಾರ ಬೆಳಿಗ್ಗೆ ಯಜಮಾನ ಠಾಣೆಗೆ ಹೊರಟು, ಇಸ್ತ್ರಿ ಮಾಡಿದ ನಿಲುವಂಗಿ ಎತ್ತಿ ಹಿಡಿದು, ಚಪ್ಪಲಿ ಕೈಯಲ್ಲಿಟ್ಟುಕೊಂಡು, ನೀರಲ್ಲಿ ಕಾಲಿಡುತ್ತಾ ಬಂದ. ನೋಗಾಯ್ ಎದ್ದು ನಿಂತಳು.

“ಏಯ್ ದಿಯೋಪ್! ಹೊಟ್ಟೆಬಾಕ! ಯಾರ ಮನೇಲಿ ಅನ್ನ ಬೆಂತು ಅಂತ ವಾಸನೆ ಹಿಡ್ಕೊಂಡು ಹೊರಟೆಯೋ?”

ಓಣಿ ಗಕ್ಕನೆ ನಿಂತಿತು. ಯಜಮಾನನ ಮುಖ ಬಿಗಿಯಿತು. “ನೋಗಾಯ್, ಇವತ್ತು ತಮಾಷೆ ಬೇಡ. ನಿನ್ನ ಮಗ ಸಿಸೆ.”

“ಅವರಪ್ಪ ಸಿಸೆ. ಕುಡಿದದ್ದು ಎನ್ದಿಯಾಯ್ ಹಾಲು. ಮಾತು ಬಂದದ್ದು ಆ ಹಾಲಿಂದ. ದೂರು ಕೊಡೋದಾದ್ರೆ ನನ್ನ ಹೆಸರು ಬರೆಸು. ಎನ್ದಿಯಾಯ್ ಹೆಂಗಸು ನನ್ನ ಹೊಟ್ಟೆಬಾಕ ಅಂದ್ಲು ಸ್ವಾಮೀ ಅಂತ ಅಳು. ಬರ್ಕೊಳ್ಳೋ ಪೊಲೀಸಪ್ಪ ನಕ್ಕು ನಕ್ಕು ಕುರ್ಚಿಯಿಂದ ಬಿದ್ದಾನು!”

ಯಾರೂ ನಗಲಿಲ್ಲ. ಬಾಣಲೆಯಲ್ಲಿ ವಡೆ ಕರಟುತ್ತಿತ್ತು. ಅವಳು ಆ ಕಡೆ ತಿರುಗಲೇ ಇಲ್ಲ. ಆಮೇಲೆ ಮಸೀದಿ ಕಟ್ಟೆಯ ಮೇಲಿದ್ದ ಮುದುಕನೊಬ್ಬ ಕಿಸಕ್ಕೆಂದ. ಅವನ ಹಿಂದೆ ಇನ್ನೊಬ್ಬ. ಓಣಿಯೆಲ್ಲ ನಗತೊಡಗಿದ ಮೇಲೆ ದಿಯೋಪ್‌ಗೆ ಬೇರೆ ದಾರಿ ಉಳಿಯಲಿಲ್ಲ.

“ಈ ಎನ್ದಿಯಾಯ್‌ಗಳೇ ಹೀಗೆ, ಕದ್ದ ಮೀನು ತಿಂದು ಬೆಳೆದವರು!” ಅಂತ ನಕ್ಕ. ನಾಲ್ಕು ವಡೆ ತಿಂದು ಬಂದ ದಾರಿಯಲ್ಲೇ ಹಿಂದಿರುಗಿದ. ದೂರು ಅಲ್ಲಿಗೆ ಮುಗಿಯಿತು.

ಬಿರಾನ್‌ಗೆ ಮಾತ್ರ ಸಮಾಧಾನವಿಲ್ಲ. “ನಮ್ಮ ನಿಜಾನ ತಮಾಷೆ ಮಾಡ್ಬಿಟ್ಟೆಯಲ್ಲಮ್ಮ,” ಅಂದವನು ಅವಳ ಜೊತೆ ಮಾತು ಬಿಟ್ಟ. ಶುಕ್ರವಾರ ಥಿಯಾಂ ಗಾಯಕ್ಕೆ ಉಪ್ಪು ಸವರಿದ: “ಧೈರ್ಯ ಅಂದಿದ್ದೆ, ಮನೆಮಂದಿಯ ತಮಾಷೆಯಂತೆ. ನನ್ನ ಹೊಗಳಿಕೆ ವಾಪಸ್ ಕೊಡಿ.” ಪಂಪಿನ ಕೋಣೆಗೆ ಇನ್ನೂ ಬೀಗ.

ನೋಗಾಯ್ ರೇಡಿಯೋ ಆರಿಸಿದಳು. ಮರುದಿನ ಒಲೆ ಹಚ್ಚುವ ಮೊದಲೇ ಯಜಮಾನನ ಬಾಗಿಲಲ್ಲಿ ನಿಂತಳು.

“ಏಯ್ ದಿಯೋಪ್! ಡೀಸೆಲ್ ಕುಡಿದು ಹೊಟ್ಟೆ ತುಂಬ್ತೇನೋ? ಕೀಲಿ ತಾ!”

ಅವನು ನಗಬೇಕು. ನಕ್ಕ. ಭಾನುವಾರ ಮತ್ತೆ ಹೋದಳು, ಸೋಮವಾರವೂ. ಅವನು ನಗುವುದನ್ನು ನೋಡಲೆಂದೇ ಬಕೆಟ್ ಹಿಡಿದ ಹೆಂಗಸರು ಬಾಗಿಲಲ್ಲಿ ಸೇರತೊಡಗಿದರು. ದಿನದಿಂದ ದಿನಕ್ಕೆ ನಗು ಗಿಡ್ಡವಾಯಿತು. ಆರನೇ ದಿನ ಬರೀ ಹಲ್ಲು ಕಂಡಿತು.

ಏಳನೇ ದಿನ ಅವಳು ತನ್ನ ಮನೆಯ ಹೊಸ್ತಿಲು ದಾಟುವ ಮೊದಲೇ ಪಂಪು ಗುಡುಗಿತು. ಓಣಿಯ ನೀರು ಮೆಲ್ಲಗೆ ಅಲುಗಿತು.

ಬಿರಾನ್ ಹೊರಗೆ ಬಂದು ಅದನ್ನೇ ನೋಡಿದ. ಆಮೇಲೆ ನನ್ನ ಪಕ್ಕದಲ್ಲಿ ಕೂತು ಕಾಳಿಗೆ ಕೈ ಹಾಕಿದ. ಹತ್ತು ದಿನದ ಮೇಲೆ ಬಾಯಿ ಬಿಟ್ಟ.

“ಗಂಟಲು ಕಟ್ಟಿಲ್ವೇನಮ್ಮ ನಿಂಗೆ?”

“ಇಲ್ವೋ,” ಅಂದಳು ಎಣ್ಣೆ ಕಡೆಯಿಂದ ಕಣ್ಣು ತೆಗೆಯದೆ. “ಅವನು ಮತ್ತೆ ಡೀಸೆಲ್ ಮುಗೀತು ಅನ್ನೋ ದಿನಕ್ಕೆ ಉಳಿಸ್ಕೊಂಡಿದೀನಿ.”