ನೀಲಿ ಪುಡಿಗೆಂದು ಫ್ಲಶಿಂಗ್‌ಗೆ

ನ್ಯೂಜೆರ್ಸಿಯ ನಮ್ಮೂರು ಮೆಟುಚೆನ್ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಸಿರಿ ಎರಡು ಸಲ ನಿಂತಳು. ಇಪ್ಪತ್ನಾಲ್ಕರ ಹುಡುಗಿ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದಳು. ಮೈಯಲ್ಲಿ ರಕ್ತ ಕಡಿಮೆ, ಅದಕ್ಕೇ ಸುಸ್ತು ಎಂದುಕೊಂಡೆ. ಫೆಬ್ರವರಿಯ ಶನಿವಾರ. ಪ್ಲಾಟ್‌ಫಾರ್ಮಿನ ಮೇಲೆ ಗಾಳಿ ಕಿವಿ ಕತ್ತರಿಸುವಷ್ಟು ತಣ್ಣಗಿತ್ತು.

ನನ್ನ ಮಗಳಿಗೆ ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಗೆಲ್ಲ ಹುಣ್ಣಾಗಿ ಮಲದಲ್ಲಿ ರಕ್ತ ಹೋಗುವ ಕಾಯಿಲೆ. ಇನ್ನೊಮ್ಮೆ ಜೋರಾದರೆ ಕರುಳನ್ನೇ ತೆಗೆಯುವ ಮಾತು ಬರಬಹುದು ಎಂದು ಡಾಕ್ಟರ್ ಹೇಳಿದ ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ. ಸಂಕ್ರಾಂತಿಯಿಂದೀಚೆಗೆ ರಕ್ತ ನಿಂತಿತ್ತು. ದಿನಾ ಬೆಳಿಗ್ಗೆ ನಾನು ಕೊಡುತ್ತಿದ್ದ ಅರಿಶಿನದ ಮಜ್ಜಿಗೆಯ ಮಹಿಮೆ ಎಂದು ಮೈಸೂರಿನ ಅಕ್ಕನಿಗೆ ಫೋನಿನಲ್ಲಿ ಕೊಚ್ಚಿಕೊಂಡೂ ಆಗಿತ್ತು. ಆದರೂ ಸಿರಿ ನ್ಯೂಯಾರ್ಕಿನ ಫ್ಲಶಿಂಗ್‌ಗೆ ಹೋಗಿ ಚೀನೀ ಗಿಡಮೂಲಿಕೆಯವರನ್ನು ನೋಡಲೇಬೇಕೆಂದು ಹಟ ಹಿಡಿದಳು. ಹಿತ್ತಲ ಗಿಡ ಮದ್ದಲ್ಲವಲ್ಲ. ಒಬ್ಬಳನ್ನೇ ಕಳಿಸಲು ಧೈರ್ಯ ಸಾಲದೆ ನಾನೂ ಹೊರಟೆ.

ಈ ಕಾಯಿಲೆಯವರ ಜೊತೆ ಪ್ರಯಾಣ ಹೊರಟರೆ ಟಾಯ್ಲೆಟ್ಟುಗಳ ನಕ್ಷೆ ತಲೆಯಲ್ಲಿರಬೇಕು. ನ್ಯೂಜೆರ್ಸಿಯ ರೈಲಿನಲ್ಲಿ ಟಾಯ್ಲೆಟ್ ಇರುತ್ತದೆ, ನ್ಯೂಯಾರ್ಕಿನ ಸಬ್‌ವೇಯಲ್ಲಿ ಇರುವುದಿಲ್ಲ. ಹಾಗಾಗಿ ಮುಕ್ಕಾಲು ಗಂಟೆಯಲ್ಲಿ ಪೆನ್ ಸ್ಟೇಷನ್ ತಲುಪಿ, ಸಬ್‌ವೇ ಬಿಟ್ಟು ಟಾಯ್ಲೆಟ್ ಇರುವ ಲಾಂಗ್ ಐಲ್ಯಾಂಡಿನ ರೈಲು ಹಿಡಿದೆವು. ಟಿಕೆಟ್ ದುಬಾರಿ, ಎದೆಬಡಿತ ಕಡಿಮೆ. ನನ್ನ ಬ್ಯಾಗಿನಲ್ಲಿ ಮೊಸರನ್ನದ ಡಬ್ಬಿ, ಅವಳಿಗೆ ಒಂದು ಜೊತೆ ಬಟ್ಟೆ. ಸಿರಿ ಟಾಯ್ಲೆಟ್ಟಿಗೆ ಒಮ್ಮೆಯೂ ಏಳಲಿಲ್ಲ. ಸಂತೋಷಪಡುವುದು ಬಿಟ್ಟು ನಾನು ಅವಳ ಉಸಿರನ್ನೇ ಕೇಳಿಸಿಕೊಳ್ಳುತ್ತಾ ಕೂತಿದ್ದೆ.

ಫ್ಲಶಿಂಗಿನ ಮುಖ್ಯರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಸಿ ಬಿಸಿ ತಿಂಡಿಯ ಹಬೆ, ಒಣಮೀನಿನ ವಾಸನೆ, ತಳ್ಳುವ ಜನ. ಗಿಡಮೂಲಿಕೆ ಅಂಗಡಿಯ ಒಳಗೆ ಮಾತ್ರ ಸದ್ದಿಲ್ಲ. ಗೋಡೆಯುದ್ದಕ್ಕೂ ಮರದ ಸಣ್ಣ ಸಣ್ಣ ಖಾನೆಗಳು, ನಮ್ಮ ಗ್ರಂದಿಗೆ ಅಂಗಡಿಯಂಥದೇ ಘಾಟು. ವೈದ್ಯೆ ಅರವತ್ತು ದಾಟಿದಾಕೆ, ಇಂಗ್ಲಿಷ್ ನಿಧಾನವಾಗಿ ಆಡುತ್ತಿದ್ದರು. ಸಿರಿಯ ನಾಲಿಗೆ ನೋಡಿ, ಎರಡೂ ಕೈಗಳ ನಾಡಿ ಹಿಡಿದರು. ಆಮೇಲೆ ಅವಳ ಹೆಬ್ಬೆರಳನ್ನು ದೀಪದ ಕೆಳಗೆ ತಿರುಗಿಸಿದರು. ಉಗುರಿನ ಸಂದಿಯಲ್ಲಿ ಸಣ್ಣ ನೀಲಿ ಗೆರೆ.

“ಚಿಂಗ್ ದಾಯ್ ಎಷ್ಟು ದಿನದಿಂದ ತಿನ್ನುತ್ತಿದ್ದೀರಿ?” ಎಂದು ಅವಳನ್ನು ಕೇಳಿದರು.

ನಾನು ನಡುವೆ ಬಾಯಿ ಹಾಕಿದೆ. ಅದು ಬಟ್ಟೆಗೆ ಹಾಕುವ ನೀಲಿ. ಇವಳಪ್ಪನ ಬಿಳಿ ಪಂಚೆಗಳನ್ನು ನಾನು ಇಂದಿಗೂ ಮೈಸೂರಿನಿಂದ ತಂದ ನೀಲಿಯಲ್ಲಿ ಅದ್ದಿಯೇ ಒಣಗಿಸುವುದು. ಬಾತ್‌ರೂಮಿನ ಸಿಂಕಿನಲ್ಲಿ ಕಲೆ ಕಂಡಾಗೆಲ್ಲ ನನ್ನ ಅಜಾಗರೂಕತೆಯನ್ನೇ ಬೈದುಕೊಂಡು ಉಜ್ಜಿ ತೊಳೆದಿದ್ದೆ. ಇದನ್ನು ಆಕೆಗೆ ವಿವರಿಸುತ್ತಿದ್ದಾಗ ಸಿರಿ ನನ್ನ ತೋಳು ಹಿಡಿದಳು.

“ಅಮ್ಮ, ಸ್ಟಾಪ್. ಇಟ್ಸ್ ಮೈನ್. ಆನ್‌ಲೈನ್ ತರಿಸ್ಕೊಂಡೆ, ಡಿಸೆಂಬರ್‌ನಲ್ಲೇ. ಇವತ್ತು ಬೆಳಿಗ್ಗೆ ಲಾಸ್ಟ್ ಡೋಸ್ ಮುಗೀತು.”

ನೀಲಿ ಗಿಡದ ಎಲೆಯಿಂದ ತೆಗೆಯುವ ಪುಡಿಯಂತೆ ಅದು. ಕರುಳಿನ ರಕ್ತ ನಿಲ್ಲಿಸಿದ್ದು ಅದೇ ಇರಬೇಕು, ನನ್ನ ಮಜ್ಜಿಗೆಯಲ್ಲ.

“ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆಯೇ?” ಎಂದರು ವೈದ್ಯೆ. ಸಿರಿಗಿಂತ ಮೊದಲು ನಾನೇ ಹೌದೆಂದೆ. ಈ ಪುಡಿ ಕೆಲವರಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರಿಸಿ ಹೃದಯಕ್ಕೇ ಕಷ್ಟ ತರುತ್ತದೆ ಎಂದರು ಆಕೆ.

“ಗಿಡಮೂಲಿಕೆ ತಾನೇ, ಏನೂ ಮಾಡುವುದಿಲ್ಲ ಅಂದುಕೊಂಡಿದ್ದೆ,” ಎಂದೆ.

“ಏನೂ ಮಾಡದ ಮದ್ದಾಗಿದ್ದರೆ ನಿಮ್ಮ ಮಗಳ ರಕ್ತವನ್ನೂ ನಿಲ್ಲಿಸುತ್ತಿರಲಿಲ್ಲ.”

ಆಕೆ ಪುಡಿ ಕೊಡಲಿಲ್ಲ. ಅಲ್ಲಿಂದಲೇ ನಮ್ಮ ಡಾಕ್ಟರಿಗೆ ಫೋನ್ ಮಾಡಿಸಿದರು. ಪುಡಿ ಮತ್ತೆ ಮುಟ್ಟಬಾರದು, ಸೋಮವಾರ ಹೃದಯದ ಸ್ಕ್ಯಾನ್, ಕೂತಲ್ಲೇ ಉಸಿರು ಕಟ್ಟಿದರೆ ಕಾಯದೆ ಎಮರ್ಜೆನ್ಸಿಗೆ ಹೋಗಬೇಕು ಎಂದು ಡಾಕ್ಟರ್ ಹೇಳಿದರು.

ಹಿಂದಿರುಗುವ ರೈಲಿನಲ್ಲಿ ಮೊಸರನ್ನ ಬಿಚ್ಚಿದೆ. ಸಿರಿ ಎರಡು ತುತ್ತು ತಿಂದು ಸ್ಪೂನ್ ಇಟ್ಟಳು. “ನಿಲ್ಲಿಸಿದ್ರೆ ಮತ್ತೆ ಬ್ಲಡ್ ಬರುತ್ತೆ ಅಮ್ಮ. ಐಯಾಮ್ ಸೋ ಸ್ಕೇರ್ಡ್.”

“ನಂಗೂ ಭಯ ಕಣೇ,” ಎಂದೆ.

ಮೆಟುಚೆನ್‌ನಲ್ಲಿ ಮೆಟ್ಟಿಲು ಇಳಿಯುವಾಗ ಅವಳು ಎಲ್ಲೂ ನಿಲ್ಲಲಿಲ್ಲ. ಇಳಿಯುವಾಗ ಅಷ್ಟು ಏದುಸಿರು ಬರುವುದಿಲ್ಲವೆಂದು ಗೊತ್ತಿದ್ದೂ ನನಗೆ ಚೂರು ಆಸೆಯಾಯಿತು. ಮನೆಗೆ ಬಂದು ಕೈತೊಳೆಯಲು ಹೋದೆ. ಸಿಂಕಿನಲ್ಲಿ ಬೆಳಗಿನ ನೀಲಿ ಕಲೆ ಹಾಗೇ ಇತ್ತು. ಹೊರಡುವ ಗಡಿಬಿಡಿಯಲ್ಲಿ ಅದನ್ನು ನೋಡಿ, ಬಂದು ತೊಳೆದರಾಯಿತು ಎಂದುಕೊಂಡಿದ್ದೆ. ಆ ವಾರ ನಾನು ಒಂದೂ ಪಂಚೆ ಒಗೆದಿರಲಿಲ್ಲ.