ಬ್ಯಾಗು ಕಾಯುವವಳು ಆಕಾಶಕ್ಕೆ ಹೋದದ್ದು

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಟೊರೆನ್ಸಿನ ಮನೆಯ ಮೇಲೆ ಹೆಲಿಕಾಪ್ಟರು ಹಾದುಹೋದರೆ ಅಡುಗೆಮನೆಯ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತವೆ. ಊರಿನ ಪುಟ್ಟ ಏರ್‌ಪೋರ್ಟು ಹತ್ತಿರದಲ್ಲೇ ಇದೆ. ಮನೆ ಕೊಳ್ಳುವಾಗ ಏಜೆಂಟು ಈ ವಿಷಯ ಹೇಳಲಿಲ್ಲ, ನಾವೂ ಕೇಳಲಿಲ್ಲ. ಇವತ್ತು ಸಂಜೆಯೂ ಹಾಗೇ ಆಯಿತು. ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದುಕೊಂಡೇ ಹಿತ್ತಲಿಗೆ ಓಡಿ, ಕಪ್ಪಾಗುತ್ತಿದ್ದ ಆಕಾಶದಲ್ಲಿ ಮಿಣುಕುತ್ತಿದ್ದ ಕೆಂಪು ದೀಪಕ್ಕೆ ಕೈ ಬೀಸಿದೆ. ಪಕ್ಕದ ಮನೆಯ ಮುದುಕ ಬೇಲಿಯ ಆಚೆಯಿಂದ ನೋಡಿದ. ನೋಡಲಿ. ಒಳಗೆ ಸಾಸಿವೆ ಸೀದುಹೋಯಿತು. ಹೋಗಲಿ. ಹೆಲಿಕಾಪ್ಟರ್ ಕಂಡರೆ ನನಗೆ ನನ್ನ ಚಿಕ್ಕಮ್ಮ ನೆನಪಾಗುತ್ತಾಳೆ, ಚಿಕ್ಕಮ್ಮ ನೆನಪಾದರೆ ನಗು ಬರುತ್ತದೆ, ನಗು ಬಂದಮೇಲೆ ಒಗ್ಗರಣೆಯನ್ನು ಇನ್ನೊಂದು ಸಲ ಹಾಕಿದರಾಯಿತು.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ, ಯೋಚಿಸಿ ನೋಡಿ. ಎಲ್ಲರೂ ಹೊಳೆಗೆ ಇಳಿದಾಗ ಮೆಟ್ಟಿಲ ಮೇಲೆ ಕೂತು ಬಟ್ಟೆ ಕಾಯುವವರು. ದೇವಸ್ಥಾನದ ಹೊರಗೆ ಚಪ್ಪಲಿ ಕಾಯುವವರು. ಮದುವೆ ಛತ್ರದಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ರೂಮಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲಿನ ಮಹಡಿಯಲ್ಲಿ ಉಳಿದುಬಿಡುವವರು. ಅವರನ್ನು ಯಾರೂ ಆ ಕೆಲಸಕ್ಕೆ ನೇಮಿಸಿರುವುದಿಲ್ಲ. "ನೀವು ಹೋಗ್ಬನ್ನಿ, ನಾನು ನೋಡ್ಕೋತೀನಿ" ಎಂದು ಅವರೇ ಹೇಳುತ್ತಾರೆ, ನಾವು ಮಹಾ ವಿಧೇಯರಾಗಿ ಹೋಗಿಬರುತ್ತೇವೆ. ನಮ್ಮ ಮನೆತನದಲ್ಲಿ ಆ ಪದವಿ ಚಿಕ್ಕಮ್ಮನದು. ಅಮ್ಮನ ತಂಗಿ. ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ತಲೆಗೆ ಹೆಡ್‌ಸೆಟ್ ಹಾಕಿಕೊಂಡು, ಊರಿನ ಸಂತೋಷ ದುಃಖಗಳನ್ನೆಲ್ಲ ಅವರವರ ಮನೆಗೆ ಜೋಡಿಸಿಕೊಟ್ಟು ರಿಟೈರ್ ಆದವಳು. ಚಿಕ್ಕಪ್ಪ ತೀರಿಕೊಂಡ ಮೇಲೆ ಕೆಲವು ತಿಂಗಳು ನಮ್ಮಲ್ಲಿರಲೆಂದು ಬಂದಿದ್ದಳು.

ಬಂದವಳನ್ನು ನಾವು ಎಲ್ಲ ಕಡೆ ಸುತ್ತಾಡಿಸಿದೆವು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ನಿಜ ಏನೆಂದರೆ ಚಿಕ್ಕಮ್ಮ ದಕ್ಷಿಣ ಕ್ಯಾಲಿಫೋರ್ನಿಯಾವನ್ನು ನೋಡಿದ್ದು ಬೆಂಚುಗಳಿಂದ. ಒಂದೊಂದು ಥೀಮ್ ಪಾರ್ಕಿನ ಬೆಂಚಿನ ಬಗ್ಗೆಯೂ ಅವಳು ಅಧಿಕಾರದಿಂದ ಮಾತಾಡಬಲ್ಲಳು. ಕಾರ್ಲ್ಸ್‌ಬಾಡಿನ ಮಕ್ಕಳ ಪಾರ್ಕಿನದು ತಗ್ಗು, ಎದ್ದೇಳುವಾಗ ಮಂಡಿ ಹಿಡಿಯುತ್ತದೆ. ಸ್ಯಾನ್ ಡಿಯೆಗೋದಲ್ಲಿ ಮೀನು ಕುಣಿಸುವ ಕಡೆಯದು ಸದಾ ಒದ್ದೆ. ಆನಹೈಮಿನ ದೊಡ್ಡ ಪಾರ್ಕಿನದು ಮರದ ನೆರಳಿನಲ್ಲಿದ್ದು ಉತ್ತಮ ದರ್ಜೆಯದು. ನಾವು ರೋಲರ್ ಕೋಸ್ಟರಿನಿಂದ ಕೆದರಿದ ಕೂದಲಲ್ಲಿ ಇಳಿದು ಬಂದರೆ ಅವಳ ಸುತ್ತ ನಮ್ಮ ಬ್ಯಾಗುಗಳ ಜೊತೆ ಯಾರೋ ಗುಜರಾತಿಗಳ ಬ್ಯಾಗು, ಯಾವುದೋ ಮೆಕ್ಸಿಕನ್ ಸಂಸಾರದ ಮಗುವಿನ ತಳ್ಳುಗಾಡಿ ಎಲ್ಲ ಸೇರಿಕೊಂಡಿರುತ್ತಿತ್ತು. ಭಾಷೆ ಬರದವರಿಗೂ ಅವಳ ಮುಖ ನೋಡಿದರೆ ಅರ್ಥವಾಗುತ್ತಿತ್ತು.

ಪ್ರತಿಸಲವೂ ನಾವು ಕೇಳುತ್ತಿದ್ದೆವು. ಪ್ರತಿಸಲವೂ ಅವಳು ಬೇಡ ಅನ್ನುತ್ತಿದ್ದಳು. ಇಲ್ಲಿ ಸ್ವಲ್ಪ ನಿಲ್ಲಿ, ಈ ಬೇಡದ ವಿಷಯ ಮಾತಾಡೋಣ. ನಮ್ಮಲ್ಲಿ ಬೇಡ ಅನ್ನುವುದು ಮಾತಿನ ಪ್ರಾರಂಭ. ಕಾಫಿ ತಗೋತೀರಾ? ಬೇಡ. ಸ್ವಲ್ಪ? ಬೇಡ, ಈಗ ತಾನೇ ಆಯ್ತು. ಅರ್ಧ ಲೋಟ? ಸರಿ, ನಿಮ್ಮ ಬಲವಂತಕ್ಕೆ. ಮೂರನೆಯ ಸಲ ಒಪ್ಪಿಕೊಂಡವರೇ ಮರ್ಯಾದಸ್ಥರು. ಅಮೆರಿಕದಲ್ಲಿ ಬೇಡ ಅಂದರೆ ಅಲ್ಲಿಗೆ ಮುಗಿಯಿತು. ನಾನು ಹೊಸದಾಗಿ ಬಂದಾಗ ನಮ್ಮ ಬಾಸ್ ಮನೆಗೆ ಕರೆದು, ಆಗಷ್ಟೇ ಒಲೆಯಿಂದ ತೆಗೆದ ಆ್ಯಪಲ್ ಪೈ ಮುಂದಿಟ್ಟು, ಬೇಕಾ ಎಂದು ಕೇಳಿದ. ನೋ ಥ್ಯಾಂಕ್ಸ್ ಎಂದೆ, ಬಾಯಲ್ಲಿ ನೀರೂರಿಸಿಕೊಂಡು ಎರಡನೆಯ ಸಲಕ್ಕೆ ಕಾದೆ. ಆತ ತಟ್ಟೆಯನ್ನು ಒಳಗಿಟ್ಟು ತನ್ನ ನಾಯಿಯ ಬಗ್ಗೆ ಮಾತಾಡತೊಡಗಿದ. ಅವತ್ತು ಮನೆಗೆ ಬಂದು ನಿಂತುಕೊಂಡೇ ಒಣ ಅವಲಕ್ಕಿ ತಿಂದದ್ದು ಇನ್ನೂ ನೆನಪಿದೆ.

ನನ್ನ ಗಂಡ ಪ್ರಸನ್ನನಿಗೆ ಐವತ್ತು ತುಂಬುವುದರಲ್ಲಿತ್ತು. ಏನು ಬೇಕು ಎಂದು ಕೇಳಿದರೆ, ರಾತ್ರಿ ಹೊತ್ತು ಹೆಲಿಕಾಪ್ಟರಿನಲ್ಲಿ ಕೂತು ಥೀಮ್ ಪಾರ್ಕುಗಳ ದೀಪಗಳನ್ನು ಮೇಲಿನಿಂದ ನೋಡಬೇಕು ಅಂದ. ಅಂಥ ಟೂರುಗಳಿವೆಯಂತೆ. ನನಗೋ ಹೆಲಿಕಾಪ್ಟರೆಂದರೆ ಭಯ. ನಾನು ಕೆಲಸ ಮಾಡುವುದು ವಿಮಾನದ ಬಿಡಿಭಾಗಗಳ ಕಂಪನಿಯಲ್ಲಿ, ಬೋಲ್ಟುಗಳನ್ನು ಪರೀಕ್ಷಿಸುವ ವಿಭಾಗದಲ್ಲಿ. ಒಂದು ಬೋಲ್ಟು ಎಷ್ಟು ಬಗೆಯಲ್ಲಿ ಮುರಿಯಬಹುದು ಎಂದು ಬಲ್ಲವಳಿಗೆ ನೆಲವೇ ವೈಕುಂಠ. ಪ್ರಸನ್ನ ಶಾಸ್ತ್ರಕ್ಕೆ ಚಿಕ್ಕಮ್ಮನನ್ನೂ ಕೇಳಿದ. "ಅಯ್ಯೋ ಬೇಡಪ್ಪ, ನೀವು ಹೋಗ್ಬನ್ನಿ. ನಾನು ಬ್ಯಾಗ್ ನೋಡ್ಕೋತೀನಿ" ಅಂದಳು. ಅವನು ಇಂಜಿನಿಯರು. ಬೇಡ ಅಂದರೆ ಬೇಡ. ಪೈಲಟ್ ಬಿಟ್ಟು ಮೂರು ಸೀಟಿನ ಪುಟ್ಟ ಹೆಲಿಕಾಪ್ಟರಿನಲ್ಲಿ ಅವನಿಗೊಂದು, ನನಗೊಂದು, ನಮ್ಮ ಮಗಳು ಇಂಚರಳಿಗೊಂದು ಬುಕ್ ಮಾಡಿದ.

ಹಾರಾಟ ಹುಟ್ಟುಹಬ್ಬದ ದಿನ ರಾತ್ರಿಗೆ, ಅವತ್ತೇ ಮಧ್ಯಾಹ್ನ ನಮ್ಮ ಕನ್ನಡದವರ ದೀಪಾವಳಿ ಊಟ. ಬಿಸಿಬೇಳೆ ಬಾತ್ ಇತ್ತು, ಚಿರೋಟಿ ಇತ್ತು, ಚಿರೋಟಿಯ ಮೇಲೆ ಸುರಿಯಲು ಬಾದಾಮಿ ಹಾಲಿತ್ತು. ಹುಟ್ಟುಹಬ್ಬದ ಹುಡುಗನೆಂದು ಪ್ರಸನ್ನನಿಗೆ ಎಲ್ಲರೂ ಬಲವಂತ ಮಾಡಿದರು. ಅವನು ಯಾರ ಮನಸ್ಸನ್ನೂ ನೋಯಿಸಲಿಲ್ಲ.

ಏರ್‌ಪೋರ್ಟಿನ ಆಫೀಸಿನಲ್ಲಿ ನಮ್ಮನ್ನು ಎದುರುಗೊಂಡದ್ದು ಒಂದು ತೂಕದ ಯಂತ್ರ. ಸಣ್ಣ ಹೆಲಿಕಾಪ್ಟರುಗಳಲ್ಲಿ ಎಲ್ಲರ ತೂಕ ಕೂಡಿಸಿ ನೋಡಿಯೇ ಹತ್ತಿಸುವುದು. ಪೈಲಟ್ ಒಬ್ಬಳು ಹುಡುಗಿ, ಜುಟ್ಟು ಕಟ್ಟಿದವಳು, ನಮ್ಮ ಇಂಚರಳ ಅಕ್ಕನಂತೆ ಕಾಣುತ್ತಿದ್ದಳು. ನಮ್ಮ ಮೂವರನ್ನು ತೂಗಿ, ಕೂಡಿಸಿ, ತುಟಿ ಕಚ್ಚಿಕೊಂಡು, ಸ್ವಲ್ಪ ಜಾಸ್ತಿಯಾಯಿತು ಅಂದಳು. ಪ್ರಸನ್ನ ಜಾಕೆಟ್ ತೆಗೆದ. ಬೆಲ್ಟು ಬಿಚ್ಚಿದ. ಶೂ ಕಳಚಿದ. ಕೊನೆಗೆ ಹೊಟ್ಟೆಯನ್ನು ಒಳಗೆ ಎಳೆದುಕೊಂಡು ನಿಂತ. ಯಂತ್ರ ಅದಕ್ಕೆಲ್ಲ ಮರುಳಾಗಲಿಲ್ಲ. ಲೆಕ್ಕ ಸರಳವಾಗಿತ್ತು: ಪ್ರಸನ್ನ ಹೋದರೆ ಅವನ ಜೊತೆ ಇನ್ನೊಬ್ಬರೇ ಹೋಗಬಹುದು.

ನನಗೆ ಒಳಗೊಳಗೇ ಆದ ಆನಂದವನ್ನು ಏನೆಂದು ಹೇಳಲಿ. "ಪರವಾಗಿಲ್ಲ, ನಾನೇ ಉಳೀತೀನಿ. ಅಪ್ಪ ಮಗಳು ಹೋಗ್ಬನ್ನಿ" ಎಂದು ತ್ಯಾಗಮಯಿಯ ಮುಖ ಮಾಡಿದೆ. ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಅಷ್ಟರಲ್ಲಿ ಆ ಪೈಲಟ್ ಹುಡುಗಿ, ಕುರ್ಚಿಯಲ್ಲಿ ನಮ್ಮ ನಾಲ್ಕೂ ಬ್ಯಾಗುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಚಿಕ್ಕಮ್ಮನ ಕಡೆ ನೋಡಿದಳು. ಅವರು ಸಣ್ಣಗಿದ್ದಾರೆ, ಸಾರ್ ಒಬ್ಬರು ಉಳಿದರೆ ಮೂವರು ಹೆಂಗಸರೂ ಬರಬಹುದಲ್ಲ, ಬ್ಯಾಗುಗಳಿಗೆ ಇಲ್ಲಿ ಲಾಕರ್ ಇದೆ ಅಂದಳು. ಇಂಚರ ಅದನ್ನು ಅಜ್ಜಿಗೆ ಹೇಳಿದಳು.

"ನೋ ನೋ, ಬೇಡ" ಅಂದಳು ಚಿಕ್ಕಮ್ಮ.

"ಓಕೆ" ಎಂದು ಪೈಲಟ್ ನಗುತ್ತ ಆಚೆ ತಿರುಗಿಬಿಟ್ಟಳು.

ಆಗ ನಾನು ಚಿಕ್ಕಮ್ಮನ ಮುಖ ನೋಡಿದೆ. ಗಾಜಿನ ಆಚೆ ದೀಪದ ಬೆಳಕಿನಲ್ಲಿ ಹೆಲಿಕಾಪ್ಟರು ನಿಂತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ನಾವು ಬಂದಾಗಿನಿಂದಲೂ ಅದನ್ನೇ ನೋಡುತ್ತಿದ್ದಳು ಎಂದು ನನಗೆ ಹೊಳೆದದ್ದು ಆಗ. ಇನ್ನೊಂದು ವಾರಕ್ಕೆ ಅವಳು ಊರಿಗೆ ಹೊರಡುವವಳು. ಈ ದೇಶದಿಂದ ಬರೀ ಬೆಂಚುಗಳ ನೆನಪು ಹೊತ್ತುಕೊಂಡು ಹೋಗುತ್ತಾಳಲ್ಲ ಅನ್ನಿಸಿತು.

ಪ್ರಸನ್ನನಿಗೂ ಅದು ಕಂಡಿರಬೇಕು. "ಚಿಕ್ಕಮ್ಮ, ನೀವೇ ಹೋಗಿ" ಅಂದ.

"ಬೇಡಪ್ಪ, ನಿನ್ನ ಬರ್ತ್‌ಡೇ. ನೀನು ಹೋಗು."

"ನಾನು ಯಾವಾಗ ಬೇಕಾದ್ರೂ ಹೋಗ್ಬಹುದು. ನೀವು ಹೋಗಿ."

"ಛೆ, ಹುಟ್ಟಿದಬ್ಬದ ದಿನ ನಿನ್ನನ್ನ ಬಿಟ್ಟು ನಾನು ಹೋಗೋದಾ? ಬೇಡ, ನೀನು ಹೋಗು."

ಉಪಚಾರದ ಈ ಯುದ್ಧ ನಮಗೆ ಹೊಸದಲ್ಲ. ಮನೆಯಲ್ಲಾದರೆ ಅರ್ಧ ಗಂಟೆ ನಡೆದು ಯಾರಾದರೊಬ್ಬರು ಸೋಲುತ್ತಿದ್ದರು. ಇಲ್ಲಿ ಪೈಲಟ್ ಗಡಿಯಾರ ನೋಡಿಕೊಂಡಳು. ಇನ್ನು ಹೊರಡದಿದ್ದರೆ ಮುಂದಿನವರ ಸರದಿ ಬಂದುಬಿಡುತ್ತದೆ ಅಂದಳು.

ಆಗ ಇಂಚರ ಹೋಗಿ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿ ತೆಗೆದರೆ ಮಾತ್ರ ಇಂಗ್ಲಿಷು. "ಅಜ್ಜಿ, ಡೂ ಯೂ ವಾಂಟ್ ಟು ಗೋ?"

"ನಿಮ್ಮಪ್ಪ ಪಾಪ..."

"ನಾಟ್ ಅಪ್ಪ. ಯೂ."

ಚಿಕ್ಕಮ್ಮ ನನ್ನ ಕಡೆ ನೋಡಿದಳು, ಪ್ರಸನ್ನನ ಕಡೆ ನೋಡಿದಳು. ಯಾರೂ ಬಲವಂತ ಮಾಡಲಿಲ್ಲ. ಅವಳಿಗೆ ಒರಗಿಕೊಳ್ಳಲು ಯಾರ ಬಲವಂತವೂ ಇರಲಿಲ್ಲ. ತೊಡೆಯ ಮೇಲಿದ್ದ ಬ್ಯಾಗುಗಳನ್ನು ಒಂದೊಂದಾಗಿ ಪಕ್ಕದ ಕುರ್ಚಿಗೆ ಇಟ್ಟಳು.

"ಹೂಂ" ಅಂದಳು. "ನಂಗೆ ಹೋಗ್ಬೇಕು." ಎದ್ದು ನಿಂತು ಸೇರಿಸಿದಳು, "ಮುಂದಿನ ಸೀಟಲ್ಲಿ ಕೂತ್ಕೋಬೇಕು."

ಪ್ರಸನ್ನ ಜೋರಾಗಿ ನಕ್ಕುಬಿಟ್ಟ. ನನ್ನ ಕಣ್ಣಲ್ಲಿ ನೀರು ಬಂತು. ಮರುಕ್ಷಣವೇ, ಅಂದರೆ ನಾನೂ ಹೋಗಬೇಕು ಎನ್ನುವುದು ಹೊಳೆದು ಆ ನೀರು ಅಲ್ಲೇ ಆರಿತು. ಹೊರಡುವಾಗ ಚಿಕ್ಕಮ್ಮ ಪ್ರಸನ್ನನ ಕಿವಿಯಲ್ಲಿ, "ಲಾಕರು ಗೀಕರು ನಂಬಬೇಡಪ್ಪ, ತೊಡೆ ಮೇಲೇ ಇಟ್ಕೋ" ಎಂದು ಅಧಿಕಾರ ಹಸ್ತಾಂತರಿಸಿದಳು.

ಹೆಲಿಕಾಪ್ಟರಿನೊಳಗೆ ಸದ್ದು ಬಹಳ, ಹಾಗಾಗಿ ಎಲ್ಲರಿಗೂ ಹೆಡ್‌ಸೆಟ್. ನಾನು ನನ್ನದನ್ನು ಹಿಂದುಮುಂದಾಗಿ ಹಾಕಿಕೊಂಡೆ. ಚಿಕ್ಕಮ್ಮ ಅದನ್ನು ತಲೆಗೇರಿಸಿದ್ದು ಹೇಗೆ ಅಂತೀರಿ, ಮನೆಗೆ ಬಂದು ಸೆರಗು ಸರಿಮಾಡಿಕೊಂಡವರ ಹಾಗೆ. ಪೈಲಟ್ ಕಂಟ್ರೋಲ್ ಟವರಿನವರ ಜೊತೆ ಮಾತಾಡುತ್ತಿದ್ದುದು ನಮ್ಮೆಲ್ಲರ ಕಿವಿಗೂ ಬೀಳುತ್ತಿತ್ತು. "ಲೈನಲ್ಲಿ ಇನ್ನೊಬ್ರು ಇದಾರೆ ಕಣೇ" ಎಂದು ಚಿಕ್ಕಮ್ಮ ಪಿಸುಗುಟ್ಟಿದಳು. ಅದೂ ಎಲ್ಲರ ಕಿವಿಗೆ ಬಿತ್ತು.

ನೆಲ ಬಿಟ್ಟೆವು. ನಾನು ಕಣ್ಣು ಮುಚ್ಚಿ, ನನಗೆ ಗೊತ್ತಿದ್ದ ದೇವರನ್ನೂ ಗೊತ್ತಿದ್ದ ಬೋಲ್ಟುಗಳನ್ನೂ ಒಟ್ಟಿಗೆ ನೆನೆಯುತ್ತಿದ್ದೆ. ಆಗ ಕಿವಿಯಲ್ಲಿ ಒಂದು ನಗು ಕೇಳಿಸಿತು. ಗಂಟಲು ಬಿಟ್ಟ, ಲಗಾಮಿಲ್ಲದ, ಹದಿನಾರರ ಹುಡುಗಿಯ ನಗು. ಇಂಚರ ಎಂದುಕೊಂಡೆ. ಕಣ್ಣು ಬಿಟ್ಟು ನೋಡಿದರೆ ಚಿಕ್ಕಮ್ಮ. ಎಕ್ಸ್‌ಚೇಂಜಿನಲ್ಲಿ ದನಿ ತಗ್ಗಿಸಿ ತಗ್ಗಿಸಿ ಅಭ್ಯಾಸವಾಗಿದ್ದ ಅವಳು ಹಾಗೆ ನಕ್ಕದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕಣ್ಣು ಬಿಟ್ಟದ್ದಾಗಿತ್ತು, ಇನ್ನು ಮುಚ್ಚಲು ಮನಸ್ಸು ಬರಲಿಲ್ಲ.

ಕೆಳಗೆ ನಾನು ದಿನಾ ಬೈದುಕೊಂಡು ಡ್ರೈವ್ ಮಾಡುವ ಫ್ರೀವೇ ಬಿದ್ದುಕೊಂಡಿತ್ತು, ಒಂದು ಕಡೆ ಬಿಳಿ ದೀಪ, ಒಂದು ಕಡೆ ಕೆಂಪು ದೀಪ. ಅಷ್ಟು ಚೆಲುವಾದ ಟ್ರಾಫಿಕ್ ಜಾಮನ್ನು ನಾನು ಕಂಡಿಲ್ಲ. ಮೊದಲ ಪಾರ್ಕು ಬಂತು. ಹಿಂದೊಮ್ಮೆ ಹಗಲಿನಲ್ಲಿ ನನ್ನ ಕರುಳನ್ನು ಬಾಯಿಗೆ ತಂದಿದ್ದ ರೋಲರ್ ಕೋಸ್ಟರು ಮೇಲಿನಿಂದ ಯಾರೋ ಬಾಣಲೆಗೆ ಬಿಟ್ಟ ಜಿಲೇಬಿಯ ಹಾಗೆ ಹೊಳೆಯುತ್ತ ಸುತ್ತಿಕೊಂಡಿತ್ತು. ಇಂಚರ ಕಿರುಚಿದಳು. ನಾನೂ ಕಿರುಚಿದೆ, ಖುಷಿಗೆ. ಆನಹೈಮಿನ ದೊಡ್ಡ ಪಾರ್ಕಿನ ನೆತ್ತಿಯ ಮೇಲೆ ಕೆಳಗಿಳಿದು ಹಾರುವಂತಿಲ್ಲವಂತೆ, ಎತ್ತರದಿಂದ, ಪಕ್ಕದಿಂದ ನೋಡಬೇಕು. ಅಲ್ಲಿ ಹೋಗುವ ಹೊತ್ತಿಗೆ ಪಟಾಕಿ ಶುರುವಾಗಿತ್ತು. ಪಟಾಕಿಯನ್ನು ಯಾವತ್ತೂ ಕತ್ತೆತ್ತಿ ನೋಡಿದವರು ನಾವು. ಅವತ್ತು ಬಗ್ಗಿ ನೋಡಿದೆವು. ಕೆಂಪು ಹಸಿರು ಹೂಗಳು ನಮ್ಮ ಕಾಲ ಕೆಳಗೆ ಅರಳಿ ಅರಳಿ ಉದುರುತ್ತಿದ್ದವು.

"ಅಲ್ನೋಡು, ಕೋಟೆ. ಅದರ ಎಡಗಡೆ ಮರ. ಅದರ ಕೆಳಗೆ ನನ್ನ ಬೆಂಚು" ಎಂದು ಚಿಕ್ಕಮ್ಮ ಗಾಜಿಗೆ ಬೆರಳಿಟ್ಟಳು. ಅಷ್ಟು ದೂರಕ್ಕೆ ಮರವೂ ಕಾಣುತ್ತಿರಲಿಲ್ಲ, ಬೆಂಚೂ ಕಾಣುತ್ತಿರಲಿಲ್ಲ. ಏನು ಹುಡುಕುತ್ತಿದ್ದಾರೆ ಎಂದು ಪೈಲಟ್ ಕೇಳಿದಳು. ಇಂಚರ ಹೇಳಿದಳು. ಆ ಹುಡುಗಿ ಇನ್ನೊಂದು ಸುತ್ತು ಹಾಕಿದಳು.

ಇಳಿದು ಬಂದಾಗ ಪ್ರಸನ್ನ ನಾಲ್ಕು ಬ್ಯಾಗುಗಳನ್ನೂ ತೊಡೆಯ ಮೇಲಿಟ್ಟುಕೊಂಡು, ಹೇಳಿದ ಮಾತು ಮೀರದೆ ಕೂತಿದ್ದ. "ಹೇಗಿತ್ತು ಚಿಕ್ಕಮ್ಮ?" ಅಂದ. ನೀನು ಬರಬೇಕಿತ್ತಪ್ಪ ಎಂದು ಅವಳು ನೊಂದುಕೊಳ್ಳುತ್ತಾಳೆ ಎಂದು ನಾನು ಕಾದೆ.

"ಇನ್ನೊಂದು ರೌಂಡ್ ಹೋಗ್ಬಹುದಾ ಕೇಳಪ್ಪ" ಅಂದಳು.

ಮುಂದಿನ ವಾರ ಪ್ರಸನ್ನ ತನ್ನ ಕಾರ್ಲ್ಸ್‌ಬಾಡಿನ ಗೆಳೆಯನ ಜೊತೆ, ಬೆಳಗಿನಿಂದ ಬರೀ ಮಜ್ಜಿಗೆ ಕುಡಿದು, ಹೋಗಿಬಂದ. ಎರಡು ದಿನ ಅವನ ಬಾಯಲ್ಲಿ ಬೇರೆ ಮಾತಿರಲಿಲ್ಲ.

ಇವತ್ತು ಹಿತ್ತಲಿನಿಂದ ಒಳಗೆ ಬಂದು ಎರಡನೆಯ ಒಗ್ಗರಣೆಗೆ ಎಣ್ಣೆ ಇಡುವಾಗ ಫೋನು ಬಂತು. ತುಮಕೂರಿನಲ್ಲಿ ಆಗ ಬೆಳಿಗ್ಗೆ. ಚಿಕ್ಕಮ್ಮ. ಮೊನ್ನೆ ಯಾರದೋ ಮದುವೆಯಲ್ಲಿ ಇನ್ನೊಂದು ಹೋಳಿಗೆ ಹಾಕಲೇ ಎಂದು ಕೇಳಿದರಂತೆ. "ಹಾಕಿ ಅಂದೆ ಕಣೇ. ಬಡಿಸೋನು ಗಾಬರಿಯಾಗಿ ಎರಡು ಹಾಕ್ಬಿಟ್ಟ" ಅಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ನಿಂತ ಮೇಲೆ ಅಂದಳು, "ಮೇ ತಿಂಗಳಲ್ಲಿ ಬರ್ತೀನಿ. ನೀನು ಕರೀಲಿ ಅಂತ ಕಾಯಲ್ಲ, ನಾನೇ ಹೇಳ್ತಿದೀನಿ. ಬಂದಾಗ ನಂಗೆ ಏನೇನು ಬೇಕು ಹೇಳ್ಲಾ?"

"ಹೇಳು ಚಿಕ್ಕಮ್ಮ" ಎಂದು ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಕೂತೆ.

ಅವಳು ಹೇಳುತ್ತಾ ಹೋದಳು. ಒಂದನ್ನೂ ನಾನು ಎರಡನೆಯ ಸಲ ಕೇಳಬೇಕಾಗಲಿಲ್ಲ.